ಕೆಂದಿಯ ಗಂಟಲಿಗೆ ಕೈ ಹಾಕಿದವರು

ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಒತ್ತುತ್ತಿದ್ದೆ. ಬಿಸಿ ಆರಿದರೆ ಹಿಟ್ಟು ಚಕ್ಕುಲಿ ಒರಳಿನಿಂದ ಇಳಿಯುವುದಿಲ್ಲ, ಕೈ ನಿಲ್ಲಿಸುವ ಹಾಗಿರಲಿಲ್ಲ. ಅಷ್ಟರಲ್ಲಿ ಕೆಳಗೆ ಗೇಟಿನ ಹತ್ತಿರ ಹಾಲಿನವಳ ದನಿ ಕೇಳಿತು.

"ಅಕ್ಕಾವ್ರೆ, ಇವತ್ತೂ ಹಾಲಿಲ್ಲ. ಕೆಂದಿಗೆ ಗಂಟ್ಲಲ್ಲಿ ಏನೋ ಸಿಕ್ಕಾಕ್ಕೊಂಡದೆ. ನೀರೂ ಇಳೀತಿಲ್ಲ."

ಕಟಕಟೆಯಿಂದ ಬಗ್ಗಿ ನೋಡಿದೆ. ಅವಳ ಕೈಯಲ್ಲಿ ಹಗ್ಗವೂ ಇರಲಿಲ್ಲ, ಹಗ್ಗದ ತುದಿಗೆ ಹಸುವೂ ಇರಲಿಲ್ಲ. ವಿಜಯನಗರದಲ್ಲಿ ನಾವು ಮನೆ ಕಟ್ಟಿಸಿಕೊಂಡು ಬಂದಾಗಿನಿಂದ ಅವಳು ಮೂಡಲಪಾಳ್ಯದಿಂದ ಕೆಂದಿಯನ್ನು ನಡೆಸಿಕೊಂಡು ಬಂದು ನಮ್ಮ ಗೇಟಿನ ಮುಂದೆಯೇ ಹಾಲು ಕರೆದು ಕೊಡುತ್ತಿದ್ದಳು. ನಾನು ರಾತ್ರಿಯ ಉಳಿದ ರೊಟ್ಟಿಯನ್ನು ಕೆಂದಿಯ ಬಾಯಿಗೆ ಕೊಟ್ಟು, ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಮೇಲೆಯೇ ಒಳಗೆ ಬಂದು ಒಲೆ ಹಚ್ಚುತ್ತಿದ್ದದ್ದು.

"ಏನು ಸಿಕ್ಕಾಕ್ಕೊಂಡಿದೆ?"

"ಮಾವಿನ ವಾಟೆ ಇರ್‍ಬೇಕು ಅಂತ ಇವ್ರು ಮೊಣಕೈ ಗಂಟ ಕೈ ಹಾಕಿ ಹುಡುಕುದ್ರು. ನಾನೂ ಹಾಕ್ದೆ. ಏನೂ ಸಿಗಲಿಲ್ಲ. ನಿಮ್ಮನೇಲಿ ಹರಳೆಣ್ಣೆ ಇದ್ರೆ ಒಂದಿಷ್ಟು ಕೊಡಿ, ಕುಡುಸಾನ."

ಇಳಿದು ಹೋಗಿ ಎಣ್ಣೆ ಕೊಟ್ಟೆ. ಬಟ್ಟಲು ಹಿಡಿದ ಅವಳ ಬೆರಳ ಗೆಣ್ಣುಗಳ ಮೇಲೆ ಹಸುವಿನ ಹಲ್ಲು ತರಚಿದ ಗೀರುಗಳಿದ್ದವು. ಹಾಲು ಕರೆಯುವವರ ಕೈಗೆ ಗೀರೇನು ಹೊಸದಲ್ಲ. ನಾನು ಮತ್ತೆ ಮೇಲೆ ಹೋಗಿ ಸಂಡಿಗೆ ಮುಗಿಸಿದೆ.

ಆ ಸಂಜೆ ನನಗೆ ಭಜನೆ ಮನೆಯಲ್ಲಿ ಕೆಲಸವಿತ್ತು. ಈಶ್ವರನ ಗುಡಿಗೆ ಸೇರಿದ ಭಜನೆ ಮನೆಯಲ್ಲಿ ವಾರಕ್ಕೆ ಕೆಲವು ಸಂಜೆ ಒಂದು ಧರ್ಮಾಸ್ಪತ್ರೆ ನಡೆಯುತ್ತಿತ್ತು. ಸೈನ್ಯದ ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹವಾಲ್ದಾರರು, ಹೆರಿಗೆ ಆಸ್ಪತ್ರೆಯ ಕೆಲಸ ಮುಗಿಸಿ ಬರುವ ಒಬ್ಬ ಸಿಸ್ಟರು, ಇಬ್ಬರೇ ಅದನ್ನು ನಡೆಸುತ್ತಿದ್ದರು. ಯಾರು ಬೇಕಾದರೂ ಬಂದು ಜಮಖಾನದ ಮೇಲೆ ಕೂತುಕೊಳ್ಳಬಹುದು. ಹೆಸರು ಜಾತಿ ಕೇಳುತ್ತಿರಲಿಲ್ಲ. ಡಾಕ್ಟರು ಬರುತ್ತಿದ್ದದ್ದು ಭಾನುವಾರ ಮಾತ್ರ. ಭಜನೆಯ ಹೆಂಗಸರಲ್ಲಿ ನನಗೆ ಒಪ್ಪಿಸಿದ ಕೆಲಸ, ಪಂಪ್ ಸ್ಟೌವಿನ ಮೇಲೆ ಗಾಜಿನ ಸಿರಿಂಜು, ಸೂಜಿಗಳನ್ನು ಕುದಿಸಿ ಕೊಡುವುದು ಮತ್ತು ಹಳೆಯ ಪಂಚೆ ಹರಿದು ಪಟ್ಟಿ ಸುತ್ತಿಡುವುದು.

ನೀರು ಕುದಿಯುತ್ತಿದ್ದಾಗ ಮಾತಿಗೆ ಮಾತು ಎಂಬಂತೆ ಕೆಂದಿಯ ಸುದ್ದಿ ಹೇಳಿದೆ. ಹವಾಲ್ದಾರರು ಚಿಮುಟ ಕೆಳಗಿಟ್ಟರು.

"ಕೂಗ್ತಾ ಇದೆಯೇನಮ್ಮ ಹಸು?"

"ರಾತ್ರಿಯೆಲ್ಲ ಕೂಗಿ ದನಿ ಒಡೆದುಹೋಗಿದೆಯಂತೆ."

"ಜೊಲ್ಲು?"

"ಸುರೀತಾನೇ ಇದೆ. ಮೊನ್ನೆ ರೊಟ್ಟಿ ಕೊಟ್ಟಾಗ ನನ್ನ ಕೈಮೇಲೂ ಸುರಿದಿತ್ತು."

ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಈಳಿಗೆ ಮಣೆ ಕೊಯ್ದ ಗಾಯವೊಂದು ಹೆಬ್ಬೆರಳ ಮೇಲಿತ್ತು. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಬಟ್ಟೆ ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ ಉಜ್ಜು ಉಜ್ಜು ಎಂದು ನಿಂತರು. ಕೈ ಮರಗಟ್ಟಿದರೂ ಬಿಡಲಿಲ್ಲ. ಆಮೇಲೆ ಸೈಕಲ್ ಹತ್ತಿ, "ಸಿಸ್ಟರ್, ನೀವು ಇವರನ್ನ ಕರ್‍ಕೊಂಡು ಹಿಂದೇನೆ ಬನ್ನಿ," ಎಂದು ಹೊರಟರು.

ನಾವು ಹೋಗುವಷ್ಟರಲ್ಲಿ ಹಾಲಿನವಳ ಹಿತ್ತಲಲ್ಲಿ ಜನ ಸೇರಿದ್ದರು. ದೃಷ್ಟಿಯಾಗಿದೆ ಎಂದು ಯಾರೋ ಹೆಂಗಸು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ಕೆಂದಿ ಹಿಂಗಾಲು ಎಳೆಯುತ್ತ ಗೂಟಕ್ಕೆ ಹಣೆ ಗುದ್ದುತ್ತಿತ್ತು. ಬಾಯಿಯಿಂದ ನೂಲಿನ ಹಾಗೆ ಜೊಲ್ಲು. ಹಾಲಿನವಳ ಗಂಡ ಮತ್ತೊಮ್ಮೆ ದವಡೆ ಬಿಡಿಸಲು ತೋಳು ಮಡಿಚಿ ನಿಂತಿದ್ದ.

"ಮುಟ್ಟಬೇಡಿ! ಯಾರೂ ಬಾಯಿಗೆ ಕೈ ಹಾಕಬೇಡಿ!" ಹವಾಲ್ದಾರರು ಪಟಾಲಮ್ಮಿನ ದನಿಯಲ್ಲಿ ಕೂಗಿದರು.

"ಯಾಕ್ ಸಾಮಿ? ವಾಟೆ ತೆಗೀಬ್ಯಾಡ್ವಾ?"

"ವಾಟೆ ಅಲ್ಲಪ್ಪ. ಈಚೆಗೆ ನಾಯಿ ಏನಾದ್ರೂ ಬಂದಿತ್ತಾ ಕೊಟ್ಟಿಗೆಗೆ?"

ಗಂಡ ಯೋಚಿಸಿದ. ಯುಗಾದಿಯ ಆಸುಪಾಸಿನಲ್ಲಿ ಒಂದು ಕಂದು ನಾಯಿ ಒಳಗೆ ನುಗ್ಗಿತ್ತು, ದೊಣ್ಣೆಯಲ್ಲಿ ಓಡಿಸಿದ್ದೆ ಎಂದ. ಆಮೇಲೆ ಆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೇ ಹೊಳೆಯಿತು. ಮುಖ ಕೆಂಪಾಯಿತು.

"ನಮ್ ಕೆಂದಿಗೆ ಹುಚ್ಚು ಅಂತೀರಾ? ಹುಚ್ಚು ನಾಯಿಗೆ ಹಿಡೀತದೆ. ಹಸೀಗೆ ಹಿಡಿಯೋಕೆ ಅದೇನ್ ನಾಯಿ ಜಾತಿಯಾ?"

"ನನಗೂ ಖಾತ್ರಿ ಇಲ್ಲ. ಒಂದೇ ಒಂದು ಸಲ ನೋಡಿದೀನಿ, ಅದೂ ಪಟಾಲಮ್ಮಿನ ಹೇಸರಗತ್ತೇಲಿ. ದನದ ಡಾಕ್ಟರು ಹೇಳ್ಲಿ. ಅಲ್ಲೀವರ್ಗೂ ಕೈ ತೊಳ್ಕೊಳ್ರಪ್ಪ."

ಬಾವಿಕಟ್ಟೆಯ ಹತ್ತಿರ ಸಿಸ್ಟರು ನೀರು ಸುರಿದರು, ಗಂಡ ಹೆಂಡತಿ ಸೋಪು ಹಚ್ಚಿ ತೊಳೆದರು. ಅವನ ತೋಳಿನ ಮೇಲೆ ಮಣಿಕಟ್ಟಿನಿಂದ ಮೇಲಕ್ಕೆ ಆಳವಾದ ತರಚು ಗಾಯಗಳಿದ್ದವು. ಅವನು ತೊಳೆದದ್ದು ಸಿಸ್ಟರಿಗೆ ಎದುರಾಡಲಾಗದ ಮುಲಾಜಿಗೆ ಮಾತ್ರ.

ಮರುದಿನ ಕೆಂದಿ ಸತ್ತಿತು. ದನದ ಡಾಕ್ಟರು ಬರುವಷ್ಟರಲ್ಲಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಕೊಂಬಿಗೆ ಹೂ ಸುತ್ತಿ, ಉಪ್ಪು ಸುರಿದು ಹೊಂಗೆ ಮರದ ಕೆಳಗೆ ಹೂತಿದ್ದರು. ಮನೆಮಗಳ ಹಾಗಿದ್ದ ಹಸುವನ್ನು ಹಾಗೆ ಕಳಿಸದೆ ಇನ್ನು ಹೇಗೆ ಕಳಿಸುತ್ತಾರೆ? ಆದರೆ ಡಾಕ್ಟರು ತಲೆ ಬೇಕು ಎಂದರು. ಮಿದುಳು ಪರೀಕ್ಷೆ ಮಾಡಿದರೆ ಮಾತ್ರ ಹುಚ್ಚು ಹೌದೋ ಅಲ್ಲವೋ ತಿಳಿಯುವುದು, ಗುಂಡಿ ಬಗೆಯಬೇಕು.

"ಮೊದ್ಲು ನನ್ ಕತ್ ಕುಯ್ರಿ, ಆಮೇಲೆ ಅವಳ್ದು," ಎಂದ ಗಂಡ, ಗುಂಡಿಯ ಮೇಲೆ ಹೋಗಿ ಕೂತ. ಯಾರೂ ಗುದ್ದಲಿ ಮುಟ್ಟಲಿಲ್ಲ.

ಹೀಗೆ ಪುರಾವೆ ಮಣ್ಣಿನೊಳಗೇ ಉಳಿಯಿತು. ಭಾನುವಾರ ಭಜನೆ ಮನೆಗೆ ಬಂದ ಡಾಕ್ಟರು ಎಲ್ಲವನ್ನೂ ಕೇಳಿ, "ಲಕ್ಷಣ ನೋಡಿದ್ರೆ ಅದೇ. ಅಲ್ಲದೇ ಇದ್ರೆ ಸಂತೋಷ. ಆದ್ರೆ ಕಾಯಿಲೆ ಶುರುವಾದ್ಮೇಲೆ ಲೋಕದಲ್ಲಿ ಯಾರೂ ಉಳಿಸಿಲ್ಲ. ಮೂರು ಜನಾನೂ ಹೊಟ್ಟೆಗೆ ಇಂಜೆಕ್ಷನ್ ತಗೊಳ್ಳಿ. ಹದಿನಾಲ್ಕು, ದಿನಕ್ಕೊಂದು, ತಪ್ಪಿಸಬಾರದು," ಎಂದರು.

ನನಗೆ ಕೇಳಬೇಕಾದದ್ದು ಇನ್ನೊಂದಿತ್ತು. ಸೋಮವಾರ ಸೋಮವಾರ ಕೆಂದಿಯ ಹಾಲಿನಲ್ಲಿ ಒಂದು ಚೊಂಬನ್ನು ಹಸಿಯಾಗಿಯೇ ಈಶ್ವರನ ಅಭಿಷೇಕಕ್ಕೆ ಕೊಡುತ್ತಿದ್ದೆ. ಹಿಂದಿನ ಸೋಮವಾರವೂ ಕೊಟ್ಟಿದ್ದೆ. ಆ ತೀರ್ಥವನ್ನು ನನ್ನ ಇಬ್ಬರು ಹೆಣ್ಣುಮಕ್ಕಳು ಕೈಯೊಡ್ಡಿ ಕುಡಿದಿದ್ದರು, ಬೀದಿಯ ಮಕ್ಕಳೂ ಕುಡಿದಿದ್ದರು. ಕೊನೆಗೆ ಕೇಳಿದೆ. ಡಾಕ್ಟರು, "ಹಾಲಿನಿಂದ ಬಂದದ್ದನ್ನ ನಾನು ಕಂಡಿಲ್ಲ, ಕೇಳಿಲ್ಲ. ಕಾಯಿಸಿದ ಹಾಲಿಗಂತೂ ಭಯವೇ ಬೇಡ. ಬಾಯಲ್ಲಿ ಹುಣ್ಣು ಗಿಣ್ಣು ಇದ್ದ ಮಕ್ಕಳಿದ್ರೆ ಕರ್‍ಕೊಂಡು ಬನ್ನಿ," ಎಂದರು. ಮನೆಗೆ ಓಡಿ ಮಕ್ಕಳ ಬಾಯಿ ತೆರೆಸಿ, ಬೆಳಕಿಗೆ ಹಿಡಿದು ನೋಡಿದೆ. ಹುಣ್ಣಿರಲಿಲ್ಲ. ಬೀದಿಯ ಮನೆಮನೆಗೂ ಸಿಸ್ಟರು ನನ್ನ ಜೊತೆ ಬಂದು ನೋಡಿದರು. ಶಿವನೇ ಕಾಪಾಡಿದ, ಒಂದು ಮಗುವಿಗೂ ಇರಲಿಲ್ಲ. ಆದರೆ ಆ ಸುತ್ತಾಟದಲ್ಲೇ ಸುದ್ದಿ ಹರಡಿತು. ಮಾರನೆಯ ದಿನದಿಂದ ಹಾಲಿನವಳು ದೊಡ್ಡಪ್ಪನ ಮನೆಯ ಎಮ್ಮೆ ಹಾಲು ತಂದರೂ ಬೀದಿಯವರು ಯಾರೂ ಕೊಳ್ಳಲಿಲ್ಲ.

ಇಂಜೆಕ್ಷನ್ ಕೊಡುತ್ತಿದ್ದದ್ದು ಮಾರ್ಕೆಟ್ಟಿನ ಕಡೆಯ ದೊಡ್ಡಾಸ್ಪತ್ರೆಯಲ್ಲಿ. ಮೊದಲ ದಿನ ಮೂವರೂ ಹವಾಲ್ದಾರರ ಜೊತೆ ಬಸ್ಸಿನಲ್ಲಿ ಹೊರಟೆವು. ಬಸ್ಸು ಬಿನ್ನಿಮಿಲ್ ಹತ್ತಿರ ಕೆಟ್ಟು ನಿಂತಿತು. ನಡೆದು ತಲುಪುವಷ್ಟರಲ್ಲಿ ಆ ಹೊತ್ತಿನ ಸರದಿ ಮುಗಿದಿತ್ತು. ಮರುದಿನ ಗಂಡ ಬರುವುದಿಲ್ಲ ಎಂದ. ಹೊಲದ ಕೆಲಸ ಬಿಟ್ಟು ದಿನಾ ಪೇಟೆಗೆ ಹೋಗುವುದೇ, ನಾಯಿ ಕಚ್ಚಿದವರ ಸಾಲಿನಲ್ಲಿ ನಿಲ್ಲುವುದೇ ಎಂದು ಕೂಗಾಡಿದ. ದಿನಗಳು ಕೈ ಜಾರುತ್ತಿದ್ದವು. ಆಗ ಡಾಕ್ಟರು ದೊಡ್ಡಾಸ್ಪತ್ರೆಗೆ ತಾವೇ ಹೋಗಿ ಮಾತಾಡಿ ಒಪ್ಪಿಸಿದರು: ಮದ್ದನ್ನು ಹವಾಲ್ದಾರರ ಕೈಗೆ ಕೊಡುತ್ತಾರೆ, ಭಜನೆ ಮನೆಯಲ್ಲೇ ಚುಚ್ಚಬಹುದು, ಆದರೆ ಅದು ತಣ್ಣಗಿರಬೇಕು.

ನಮ್ಮ ಭಜನೆ ಮನೆಗೆ ತಣ್ಣಗಿಡುವ ಪೆಟ್ಟಿಗೆ ಎಲ್ಲಿಂದ ಬರಬೇಕು? ನನ್ನ ಎರಡನೇ ಬಾಣಂತನಕ್ಕೆ ತವರಿನವರು ಕೊಟ್ಟ ಥರ್ಮಾಸ್ ಫ್ಲಾಸ್ಕು ಇತ್ತು. ಐಸ್ ಕ್ಯಾಂಡಿ ಮಾಡುವವನ ಹತ್ತಿರ ಮಂಜುಗಡ್ಡೆ ಕೇಳಿ, ಚೂರು ಮಾಡಿ ಅದರೊಳಗೆ ತುಂಬಿ ಕಳಿಸಿದೆ. ಹವಾಲ್ದಾರರು ಅದನ್ನು ಎದೆಗೆ ಅವುಚಿಕೊಂಡು ತಂದರು. ಮದ್ದು ಗಂಜಿಯ ತಿಳಿಯ ಹಾಗೆ ಬೆಳ್ಳಗೆ ಮಬ್ಬಾಗಿತ್ತು.

"ಇದನ್ನ ಯಾವುದ್ರಲ್ಲಿ ಮಾಡ್ತಾರೆ ಸಿಸ್ಟರ್?" ಸುಮ್ಮನೆ ಕೇಳಿದೆ.

ಸಿಸ್ಟರು ಸೂಜಿ ಸಿಕ್ಕಿಸುತ್ತ ಅಷ್ಟೇ ಸುಮ್ಮನೆ ಹೇಳಿದರು: "ಕುರಿ ಮಿದುಳಲ್ಲಿ."

ಹಾಲಿನವಳಿಗೆ ಮೊದಲು ಅರ್ಥವಾಯಿತು. ಅಷ್ಟು ದಿನದ ಮೇಲೆ ಅವಳು ಮೊದಲ ಸಲ ನಕ್ಕಳು. "ಅಯ್ಯೋ ಅಕ್ಕಾವ್ರೆ! ನಮ್ಮನೇಲಿ ಕುರಿ ತಲೆ ತಂದ್ರೆ ಸಾರು ಮಾಡ್ತೀವಿ. ನೀವು ಬೆಳ್ಳುಳ್ಳಿ ವಾಸ್ನೇನೂ ಆಗಲ್ಲ ಅನ್ನೋರು, ಸೀದಾ ಹೊಟ್ಟೇಗೇ ತಗೋಬೇಕಾಯ್ತಲ್ಲ!"

ಅವಳ ಗಂಡನೂ ನಕ್ಕ. "ಉಪ್ಪು ಕಾರ ಇಲ್ದಂಗೆ ಬೇರೆ!"

ನನಗೆ ನಗು ಬರಲಿಲ್ಲ. ಎದೆಯ ಮೇಲೆ ಕರಡಿಗೆಯಲ್ಲಿ ಲಿಂಗ. ಅದರಿಂದ ಗೇಣು ಕೆಳಗೆ ಸತ್ತ ಪ್ರಾಣಿಯ ಮಿದುಳು. ಹುಟ್ಟಿದಾಗಿನಿಂದ ಮಾಂಸ ಬೇಯಿಸಿದ ಪಾತ್ರೆಯ ನೀರನ್ನೂ ಮುಟ್ಟಿದವಳಲ್ಲ. ಎದ್ದು ಗುಡಿಯೊಳಗೆ ಹೋದೆ. ಏನು ಕೇಳಿದೆನೋ ನೆನಪಿಲ್ಲ. ಈಶ್ವರನ ಮೇಲೆ ಹನಿಹನಿಯಾಗಿ ನೀರು ಬೀಳುತ್ತಿತ್ತು, ನೋಡುತ್ತ ನಿಂತೆ. ವಿಷ ಕುಡಿದವನ ಮುಂದೆ ನಿಂತು ನನಗೆ ಮೈಲಿಗೆಯಾಗುತ್ತದೆ ಎಂದು ಹೇಳಲು ನಾಚಿಕೆಯಾಯಿತು.

ವಾಪಸು ಬಂದಾಗ ಬಾಗಿಲಲ್ಲಿ ಹಾಲಿನವಳು ಕಾಯುತ್ತಿದ್ದಳು. ನಗು ಹೋಗಿತ್ತು. ಮೆಲ್ಲಗೆ, "ಅಕ್ಕಾವ್ರೆ, ನನಗೂ ಭಯ ಆಗ್ತದೆ. ನೀವು ಮಲ್ಕೊಂಡ್ರೆ ನಾನೂ ಮಲ್ಕೋತೀನಿ. ನೀವು ಎದ್ ಹೋದ್ರೆ ನಾನೂ ಹೋಯ್ತೀನಿ," ಎಂದಳು.

ಕರಡಿಗೆಯನ್ನು ಹೆಗಲ ಹಿಂದಕ್ಕೆ ಸರಿಸಿ ಮೊದಲು ನಾನೇ ಬೆಂಚಿನ ಮೇಲೆ ಮಲಗಿದೆ.

ನೋವಿನ ವಿಷಯ ಹೆಚ್ಚು ಬರೆಯುವುದಿಲ್ಲ. ಸಿಸ್ಟರು ಹೊಕ್ಕುಳಿನ ಸುತ್ತ ಚರ್ಮವನ್ನು ಚಿಮುಟಿ ಎತ್ತಿ ಹಿಡಿದು, ನಿನ್ನೆಯದು ಎಡಕ್ಕಾದರೆ ಇಂದು ಬಲಕ್ಕೆ, ಆಮೇಲೆ ಕೆಳಗೆ ಎಂದು ಜಾಗ ಬದಲಿಸುತ್ತಿದ್ದರು. ಮದ್ದು ಹೆಚ್ಚು, ಇಳಿಯುವುದು ನಿಧಾನ. ಆರಿಸಿ ತೆಗೆದ ಸೂಜಿಗಳೂ ಕುದಿಸಿ ಕುದಿಸಿ ಮೊಂಡಾಗಿದ್ದವು. ಹವಾಲ್ದಾರರು ನುಣುಪು ಕಲ್ಲಿನ ಮೇಲೆ ಮಸೆದು, ಹತ್ತಿಯ ಮೇಲೆ ಎಳೆದು, ನೂಲು ಸಿಕ್ಕಿಕೊಳ್ಳದಿದ್ದರೆ ಮಾತ್ರ ನನ್ನ ಪಾತ್ರೆಗೆ ಹಾಕುತ್ತಿದ್ದರು. ಹಾಗೆ ಮಸೆದ ಸೂಜಿಯನ್ನು ನಾನೇ ಕುದಿಸಿ, ನಾನೇ ಹೋಗಿ ಮಲಗುವುದು. ಕೆಲವು ದಿನಕ್ಕೆ ಹೊಟ್ಟೆಯ ಚರ್ಮ ಹಲಸಿನ ಸಿಪ್ಪೆಯ ಹಾಗೆ ಗಡುಸಾಯಿತು. ಸೀರೆಯ ನೆರಿಗೆ ಸಿಕ್ಕಿಸಲು ಆಗುತ್ತಿರಲಿಲ್ಲ. ಬಾವಿಯಿಂದ ನೀರು ಸೇದಲು ಆಗದೆ ದೊಡ್ಡ ಮಗಳು ಸೇದಿದಳು.

ಗಂಡ ಕೆಲವು ದಿನ ಬಂದ. ಹೆಂಗಸರ ಮುಂದೆ ಅಂಗಿ ಎತ್ತಿ ಮಲಗುವುದು ಅವನಿಗೆ ಸೂಜಿಗಿಂತ ದೊಡ್ಡ ಶಿಕ್ಷೆಯಾಗಿತ್ತು. ಹವಾಲ್ದಾರರು ನನ್ನ ಹಳೆಯ ಸೀರೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟು ಮರೆ ಮಾಡಿದರು. ಆಮೇಲೆ ಅವನಿಗೆ ಜ್ವರ ಬಂತು, ಹೊಟ್ಟೆ ಬಾತಿತು. ಇಂಜೆಕ್ಷನ್ ನಡೆಯುವಾಗ ಹೆಂಡ ಮುಟ್ಟಬಾರದು ಎಂದದ್ದಕ್ಕೂ ಸಿಟ್ಟೇ. ಅಷ್ಟರಲ್ಲಿ ಅವನ ನೆಂಟನೊಬ್ಬ ಕೆಂಗೇರಿಯ ಆಚೆ ನಾಟಿ ಮದ್ದು ಕೊಡುವವರಿದ್ದಾರೆಂದು ಹೇಳಿದ: ಒಂದೇ ಒಂದು ಉಂಡೆ, ಆಮೇಲೆ ಪಥ್ಯ; ಆದರೆ ಸೂಜಿ ಚುಚ್ಚಿಸಿಕೊಂಡರೆ ಮದ್ದು ಮುರಿಯುತ್ತದೆ. ಒಂದು ಸಂಜೆ ಬೆಂಚು ಖಾಲಿ ಉಳಿಯಿತು. ಗಂಡನೂ ಇಲ್ಲ, ಹೆಂಡತಿಯೂ ಇಲ್ಲ.

ಹವಾಲ್ದಾರರ ಜೊತೆ ನಾನೂ ಹೋದೆ. ಅವನು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಮದ್ದು ನುಂಗಿದೀನಿ. ಮುಗೀತು."

"ಅದನ್ನ ಬೇಡ ಅನ್ನಲ್ಲ ಕಣಪ್ಪ. ಇದನ್ನೂ ಮುಗಿಸಿಬಿಡು. ಅರ್ಧಕ್ಕೆ ಬಿಟ್ರೆ ಏನೂ ತಗೊಳ್ದೆ ಇದ್ದಂಗೆ."

"ನೀವು ಮಿಲ್ಟ್ರಿಯೋರು, ಹೇಳ್ದಂಗೆ ಕೇಳೋದು ನಿಮ್ಗೆ ಅಭ್ಯಾಸ. ನನಗಿಲ್ಲ. ದಿನಾ ಬಂದು ಮಲ್ಕೊಂಡ್ರೆ, ಕೆಂದಿ ಹುಚ್ಚಿಡ್ದು ಸತ್ಲು ಅಂತ ನಾನೇ ಊರಿಗೆಲ್ಲ ಸಾರಿದಂಗೆ. ಅವಳು ನಮ್ಮಪ್ಪ ಸಾಕಿದ್ ಹಸೀನ ಮಗಳು. ಇವಳೂ ಬರಲ್ಲ, ಕೇಳ್ಬ್ಯಾಡಿ."

ಹಾಲಿನವಳು ಬಾಗಿಲ ಹಿಂದೆ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ದಾರಿಯಲ್ಲಿ ಹವಾಲ್ದಾರರು ಸೈಕಲ್ ತಳ್ಳಿಕೊಂಡು ನಡೆದರು, ಹತ್ತಲಿಲ್ಲ. "ಕಟ್ಟಿಹಾಕಿ ಚುಚ್ಚೋಕಾಗಲ್ವಲ್ಲಮ್ಮ," ಎಂದರು.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಿದ್ದೆ. ಗೇಟಿನ ಚಿಲಕದ ಸದ್ದಾಯಿತು. ಹಾಲಿನವಳು, ಸೊಂಟದ ಮೇಲೆ ದೊಡ್ಡ ಹಾಲಿನ ಕ್ಯಾನು. ದೊಡ್ಡಪ್ಪನ ಮನೆಯ ಎಮ್ಮೆ ಹಾಲನ್ನು ಬೇರೆ ಬೀದಿಗಳಲ್ಲಿ ಮಾರಿ ಬರುತ್ತೇನೆಂದು ಗಂಡನಿಗೆ ಹೇಳಿ ಬಂದಿದ್ದಳು. ಮುಚ್ಚಳ ತೆಗೆದು ತೋರಿಸಿದಳು: ಕಂಠದವರೆಗೆ ಬಾವಿ ನೀರು.

"ಖಾಲಿ ಕ್ಯಾನು ಟಣ್ ಅಂತದೆ ಅಕ್ಕಾವ್ರೆ. ನೀರು ತುಂಬಿದ್ರೆ ಸೊಂಟ ವಾಲ್ತದೆ, ನೋಡೋರಿಗೆ ಹಾಲು ಅನ್ಸ್ತದೆ. ಸಂಜೆ ಗುಡಿ ತಾವ ಬಂದ್ರೆ ಊರೆಲ್ಲ ಕಾಣ್ತದೆ. ಇಲ್ಲೇ ಚುಚ್ಚಿಸ್ತೀರಾ?"

ಇಲ್ಲೇ ಎಂದರೆ ನನ್ನ ಅಡುಗೆಮನೆಯಲ್ಲಿ. ಆ ಮದ್ದು ನನ್ನ ಹೊಸಿಲು ದಾಟಬೇಕು. ದೇವರ ನೈವೇದ್ಯ ಮಾಡುವ ಕಡೆ, ನನ್ನ ಕಟ್ಟೆಯ ಮೇಲೆ ಇರಬೇಕು. ಭಜನೆ ಮನೆಯಲ್ಲಿ ಮಲಗಿ ಎದ್ದು ಬಂದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದವಳು ನಾನು. ಯಜಮಾನರು ಪೇಪರ್ ಮಡಿಸಿ ನನ್ನ ಮುಖ ನೋಡಿದರು. "ಬೇಡ ಅನ್ನಲ್ಲ. ದೇವರ ಮನೇಲಿ ಮಾತ್ರ ಇಡಬೇಡ," ಎಂದರು. ಅವರು ಮಾತಿನಲ್ಲಿ ಕೃಪಣರು. ಅಷ್ಟು ಮಾತೇ ನನಗೆ ದೊಡ್ಡ ಉಪಕಾರ.

ಅಂದಿನಿಂದ ಸಿಸ್ಟರು ಡ್ಯೂಟಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದರು. ಫ್ಲಾಸ್ಕನ್ನು ಹಿಂದಿನ ಸಂಜೆಯೇ ತಂದು, ಒದ್ದೆ ಗೋಣಿ ಸುತ್ತಿ, ಕಟ್ಟೆಯ ಕೆಳಗೆ ಮಣ್ಣಿನ ನೀರಿನ ಗುಡಾಣದ ಬದಿಗೆ ಇಡುತ್ತಿದ್ದೆ. ರಾತ್ರಿ ಮಲಗುವ ಮುಂಚೆ ಮತ್ತೆ ಐಸ್ ತುಂಬುವುದು. ಬೆಳಿಗ್ಗೆ ಒಂದು ಒಲೆಯ ಮೇಲೆ ಉಪ್ಪಿಟ್ಟು, ಇನ್ನೊಂದರ ಮೇಲೆ ಸಿರಿಂಜು. ಚಾಪೆಯ ಮೇಲೆ ನಾವಿಬ್ಬರೂ ಅಕ್ಕಪಕ್ಕ ಮಲಗುತ್ತಿದ್ದೆವು. ತಪ್ಪಿದ ದಿನಕ್ಕೆ ಡಾಕ್ಟರು ಅವಳಿಗೆ ಕೊನೆಯಲ್ಲಿ ಹೆಚ್ಚಿಗೆ ಸೇರಿಸಿದರು. ಅವಳು ತುಟಿ ಕಚ್ಚಿ ಅತ್ತದ್ದು ನೋವಿಗಲ್ಲ.

"ಇವ್ರಿಗೆ ಸುಳ್ಳೇಳಿ ಬರ್ತಾ ಇವ್ನಿ. ನಾನು ಉಳ್ದು ಅವ್ರಿಗೆ ಏನಾರ ಆದ್ರೆ? ಗಂಡನ್ ಬುಟ್ಟು ತಾನೊಬ್ಳೇ ಮದ್ ತಗಂಡ್ಳು ಅಂತಾರೆ."

"ನೀನೂ ಹೋದ್ರೆ ಅವನಿಗೆ ಗಂಜಿ ಕಾಯ್ಸೋರು ಯಾರೇ?" ಎಂದೆ.

ಅವಳ ಕೊನೆಯ ಸೂಜಿ ಮುಗಿದ ದಿನ ಕ್ಯಾನಿನ ನೀರನ್ನು ನಮ್ಮ ತುಳಸಿಗೆ ಸುರಿದು ಹೋದಳು. ಗಂಡ ಗಟ್ಟಿಮುಟ್ಟಾಗಿಯೇ ಇದ್ದ. ನೋಡಿದಿರಾ, ಏನೂ ಆಗಲಿಲ್ಲ ಎಂದು ದಾರಿಯಲ್ಲಿ ಸಿಕ್ಕ ಹವಾಲ್ದಾರರಿಗೆ ತೋಳು ಚಾಚಿ ತೋರಿಸಿದ್ದನಂತೆ. ಗಾಯ ಪೂರಾ ಮಾಯ್ದಿತ್ತು. ನಾವೂ ಹಾಗೇ ಆಗಲಿ, ನಮ್ಮ ಭಯವೇ ಸುಳ್ಳಾಗಲಿ ಎಂದು ಹರಕೆ ಕಟ್ಟಿಕೊಂಡೆವು. ಆಷಾಢದ ಗಾಳಿ ಶುರುವಾಯಿತು.

ಆ ಗಾಳಿಯೇ ಸುದ್ದಿ ತಂದದ್ದು. ಅವನಿಗೆ ತೋಳು ಜುಮುಗುಡುತ್ತಿದೆ, ಗಾಳಿ ಮೈಗೆ ಬಡಿದರೆ ಬೆಚ್ಚುತ್ತಾನೆ, ಎರಡು ದಿನದಿಂದ ಕಾಫಿ ಇಳಿಯುತ್ತಿಲ್ಲ. ಹಾಲಿನವಳು ಬಂದು ಹೇಳಿದಾಗ ಅವಳ ಬಾಯಿಂದ ಬಂದದ್ದು ಅದೇ ಮಾತು: "ಗಂಟ್ಲಲ್ಲಿ ಏನೋ ಸಿಕ್ಕಾಕ್ಕೊಂಡಂಗೆ ಆಗ್ತದಂತೆ ಅಕ್ಕಾವ್ರೆ."

ಹವಾಲ್ದಾರರು ಅವನಿಗೆ ಒಂದು ಲೋಟ ನೀರು ಕೊಟ್ಟು ನೋಡಿದರು. ಅವನಿಗೆ ಬಾಯಾರಿಕೆ ವಿಪರೀತ. ಎರಡು ಕೈಯಲ್ಲೂ ಲೋಟ ಹಿಡಿದ. ತುಟಿಯ ಹತ್ತಿರ ಬಂದ ಕೂಡಲೇ ಕತ್ತಿನ ನರಗಳು ಹಗ್ಗದಂತೆ ಎದ್ದು, ಲೋಟ ದೂರ ಹೋಗಿ ಬಿತ್ತು. ಹವಾಲ್ದಾರರು ಬೈಯಲಿಲ್ಲ, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ತಮ್ಮ ಟವೆಲಿನಲ್ಲಿ ಅವನ ಬಾಯಿ ಒರೆಸಹೋಗಿ, ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡು, ಟವೆಲನ್ನು ಅವನ ಕೈಗೇ ಕೊಟ್ಟರು.

ಅಂಟುರೋಗದ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಕರೆದೊಯ್ದೆವು. ಗಾಜು ಏರಿಸಿ, ಗಾಳಿ ಬಾರದ ಹಾಗೆ ಕಂಬಳಿ ಹಿಡಿದು ಕೂತೆವು. ಅಲ್ಲಿ ಅವನನ್ನು ಒಂದು ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ನನಗೆ ಸಹಿಸಲಾಗದೆ ಹೋದದ್ದು ಬಾಧೆಯಲ್ಲ, ಬಾಧೆ ನಿಂತಾಗ ಬರುತ್ತಿದ್ದ ತಿಳಿವು. ಆಗ ಅವನು ನಮ್ಮ ನಿಮ್ಮ ಹಾಗೆಯೇ ಮಾತಾಡುತ್ತಿದ್ದ. ಒಳಗೆ ಬಿಡದ ಕಾರಣ ನಾವಿಬ್ಬರು ಹೆಂಗಸರು ಬಾಗಿಲ ಹತ್ತಿರ ನಿಂತಿದ್ದೆವು. ಅವನು ಹೆಂಡತಿಯ ಕಡೆ ತಿರುಗಿದ.

"ನೀನೂ ಕೈ ಹಾಕಿದ್ದೆ, ಅಲ್ವಾ?"

ಅವಳು ತಲೆಯಾಡಿಸಿದಳು.

"ಚುಚ್ಚಿಸ್ಕೊಂಡ್ಯಾ?"

ಅವಳು ನನ್ನ ಕೈ ಹಿಡಿದುಕೊಂಡಳು. "ಊಂ. ನಿಮ್ಗೆ ಹೇಳ್ದೆ ಹೋದೆ. ಕ್ಯಾನಲ್ಲಿ ಹಾಲಿರಲಿಲ್ಲ, ನೀರಿತ್ತು."



"ಎಲ್ಲಾ ಮುಗುದ್ವಾ?"

"ಮುಗುದ್ವು."

"ಒಳ್ಳೇ ಕೆಲ್ಸ ಮಾಡ್ದೆ," ಎಂದ. ಮತ್ತೆ ಸೆಳೆತ ಬಂದು ಹೋಯಿತು. ಆಮೇಲೆ, ಸಂತೆಗೆ ಹೊರಟವರು ಹೇಳಿ ಹೋಗುವ ಹಾಗೆ, "ಹಸ ಬ್ಯಾಡ. ಎಮ್ಮೆ ಕಟ್ಕೋ," ಎಂದ.

ಎರಡನೆಯ ದಿನ ತೀರಿಹೋದ.

ಊರಿನಲ್ಲಿ ಕೆಲವರು ಸೂಜಿಯೇ ಅವನನ್ನು ಕೊಂದಿತು ಎಂದರು. ನಾಟಿ ಮದ್ದಿನ ಪಥ್ಯ ಕೆಡಿಸಿದ್ದಕ್ಕೆ ಹೀಗಾಯಿತು ಎಂದರು ಇನ್ನು ಕೆಲವರು. ಹಲವು ವಾರ ಭಜನೆ ಮನೆಗೆ ಮೂಡಲಪಾಳ್ಯದ ಕಡೆಯಿಂದ ಯಾರೂ ಬರಲಿಲ್ಲ. ಹವಾಲ್ದಾರರೂ ಸಿಸ್ಟರೂ ದೀಪ ಹಚ್ಚಿ, ಜಮಖಾನ ಹಾಸಿ, ಸುಮ್ಮನೆ ಕೂತು ಎದ್ದು ಹೋದ ಸಂಜೆಗಳಿದ್ದವು. ನಾನು ಆಗಲೂ ಸಿರಿಂಜು ಕುದಿಸಿದೆ. ಯಾರಾದರೂ ಬಂದರೆ ಎಂದು.

ನನಗೂ ಭಯವಿತ್ತು. ಬೆಳಿಗ್ಗೆ ಎದ್ದ ಕೂಡಲೇ ಮೊದಲ ಗುಟುಕು ನೀರು ಕುಡಿದು, ಇಳಿಯಿತೇ ಎಂದು ನೋಡಿಕೊಳ್ಳುವುದು ಅಭ್ಯಾಸವಾಯಿತು. ಇಳಿದರೆ ಶಿವಾ ಎನ್ನುತ್ತಿದ್ದೆ. ಹಾಗೆ ಒಂದೊಂದು ಗುಟುಕನ್ನು ಪ್ರಸಾದವೆಂದು ಅದಕ್ಕಿಂತ ಮೊದಲು ನಾನು ಕುಡಿದಿರಲಿಲ್ಲ. ಕೆಂದಿಗೆ ನಿಜಕ್ಕೂ ಏನಾಗಿತ್ತೆಂದು ಮಣ್ಣು ಅಗೆದು ನೋಡುವ ಅಗತ್ಯ ಈಗ ಯಾರಿಗೂ ಉಳಿದಿರಲಿಲ್ಲ. ಮಕ್ಕಳು ಚೆನ್ನಾಗಿದ್ದರು, ಬೀದಿಯ ಮಕ್ಕಳೂ ಚೆನ್ನಾಗಿದ್ದರು. ನನಗೆ ಸಿಕ್ಕದ್ದನ್ನು ನಾನು ಎಣಿಸಿಕೊಳ್ಳುತ್ತೇನೆ. ಸಿಕ್ಕದೆ ಹೋದದ್ದರ ಲೆಕ್ಕ ಶಿವನ ಹತ್ತಿರ ಇರಲಿ.

ಕಾರ್ತಿಕದ ಒಂದು ಸೋಮವಾರ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದೆ. ಗೇಟಿನ ಚಿಲಕ ಸದ್ದಾಯಿತು. ಹಾಲಿನವಳು. ಹಣೆ ಖಾಲಿ, ಸೊಂಟದ ಮೇಲೆ ಅದೇ ಕ್ಯಾನು. ನನ್ನ ಕಣ್ಣು ಕ್ಯಾನಿನ ಮೇಲೆ ಹೋದದ್ದನ್ನು ನೋಡಿ, ತಾನೇ ಮುಚ್ಚಳ ತೆಗೆದಳು. ನೊರೆ.

"ಎಮ್ಮೆ ಕಟ್ದೆ ಅಕ್ಕಾವ್ರೆ. ಪಾತ್ರೆ ತನ್ನಿ."

ಬೀದಿಯಲ್ಲಿ ಇನ್ನೂ ಯಾರೂ ಅವಳ ಹಾಲು ಕೊಳ್ಳುತ್ತಿರಲಿಲ್ಲ. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಅಡುಗೆಮನೆಯಿಂದ ಎರಡು ಪಾತ್ರೆ ತಂದೆ, ಒಂದು ಮನೆಗೆ, ಒಂದು ಗುಡಿಗೆ. ಎರಡಕ್ಕೂ ಅವಳು ಕಂಠಮಟ್ಟ ಸುರಿದಳು. ಅವಳ ಗೆಣ್ಣಿನ ಮೇಲೆ ಹಳೆಯ ಗೀರು ಬೆಳ್ಳಗೆ ಉಳಿದಿತ್ತು.

ಅಭಿಷೇಕಕ್ಕೆ ಕಾಯಿಸಿದ ಹಾಲು ಸಲ್ಲದು ಎನ್ನುತ್ತಾರೆ. ಸಲ್ಲುತ್ತದೋ ಇಲ್ಲವೋ, ಸ್ವೀಕರಿಸುವವನಿಗೆ ಗೊತ್ತು. ಎರಡನ್ನೂ ಬಟ್ಟೆಯಲ್ಲಿ ಸೋಸಿ, ಎರಡು ಒಲೆಯನ್ನೂ ಹಚ್ಚಿ, ಉಕ್ಕುವವರೆಗೆ ಮುಂದೆಯೇ ನಿಂತೆ.